ವಾರ, ಗುತ್ತಿಗೆ, ಬಾಕಿ: ಸಾದಲಿ ಸೀಮೆಯ ಗೇಣಿ ವ್ಯಾಜ್ಯಗಳು

ಶಿಡ್ಲಘಟ್ಟ ತಾಲ್ಲೂಕಿನ ಸಾದಲಿ ಸೀಮೆಯಲ್ಲಿ ಒಬ್ಬರ ಜಮೀನನ್ನು ಇನ್ನೊಬ್ಬರು ಮಾಡುವುದಕ್ಕೆ ಎರಡು ಬಗೆಯ ಗೇಣಿ ಕರಾರು ಹಿಂದಿನಿಂದ ನಡೆದುಬಂದಿವೆ. ಬೆಳೆದದ್ದರಲ್ಲಿ ಇಂತಿಷ್ಟು ಪಾಲು ಎಂದು ಒಪ್ಪಿಕೊಂಡರೆ ಅದು ವಾರ. ಆಂಧ್ರದ ಗಡಿಗೆ ಹತ್ತಿರವಿರುವ, ಕನ್ನಡದ ಜೊತೆಗೆ ತೆಲುಗೂ ಮನೆಮಾತಾಗಿರುವ ಈ ಕಡೆ ಅದನ್ನೇ ಕೋರು ಎನ್ನುವವರೂ ಇದ್ದಾರೆ. ಬೆಳೆ ಬರಲಿ ಬಿಡಲಿ, ವರ್ಷಕ್ಕೆ ಇಷ್ಟು ಧಾನ್ಯ ಅಥವಾ ಇಷ್ಟು ಹಣ ಎಂದು ಗೊತ್ತುಮಾಡಿದರೆ ಗುತ್ತಿಗೆ. ಬರಬೇಕಾದದ್ದು ಬಂದಿಲ್ಲ ಎಂದು ಒಡೆಯ, ಕೊಟ್ಟಾಗಿದೆ ಎಂದು ರೈತ ವಾದಿಸುವ ಜಗಳ ಎರಡರಲ್ಲೂ ಹುಟ್ಟುತ್ತಿತ್ತು. ಅದು ತೀರುವ ದಾರಿ ಮಾತ್ರ ಬೇರೆ ಬೇರೆ.

ವಾರದ ಲೆಕ್ಕ ಕಣದಲ್ಲೇ ಮುಗಿಯುತ್ತಿತ್ತು. ರಾಗಿ ಒಕ್ಕಿ, ತೂರಿ, ರಾಶಿ ಮಾಡಿದ ಮೇಲೆ ಸುತ್ತ ಬೂದಿಯ ಗೆರೆ ಎಳೆದು ಪೂಜೆ ಮಾಡುತ್ತಿದ್ದರು. ಅಳೆಯಲು ಕೂತವನು ಮೊದಲ ಕೊಳಗವನ್ನು ‘ಒಂದು’ ಎನ್ನದೆ ‘ಲಾಭ’ ಎಂದು ಎಣಿಸಿ, ಅಲ್ಲಿಂದ ಎರಡು, ಮೂರು ಎಂದು ಗಟ್ಟಿಯಾಗಿ ಕೂಗಿಕೊಂಡೇ ಅಳೆಯುತ್ತಿದ್ದ. ಇಪ್ಪತ್ತು ಕೊಳಗಕ್ಕೆ ಒಂದು ಖಂಡುಗ. ಪಾಲಾಗುವ ಮೊದಲೇ ನೀರಗಂಟಿ, ತೋಟಿ, ತಳವಾರ, ಕಮ್ಮಾರ, ಬಡಗಿ ಮುಂತಾದವರ ಆಯವನ್ನು, ಅಂದರೆ ಊರ ಕೆಲಸಕ್ಕೆ ಅವರಿಗೆ ಸಲ್ಲುವ ಧಾನ್ಯವನ್ನು, ರಾಶಿಯಿಂದ ತೆಗೆದಿಡುತ್ತಿದ್ದರು. ತಮ್ಮ ಆಯಕ್ಕಾಗಿ ಕಾದುನಿಂತ ಇವರೆಲ್ಲ ಅಳತೆಗೆ ಸಾಕ್ಷಿಗಳೂ ಆಗಿದ್ದರು. ಒಡೆಯನ ಪಾಲು ಎಷ್ಟು ಕೊಳಗ ಹೋಯಿತೆಂದು ಮುಂದೆ ತಕರಾರು ಬಂದರೆ ಕಣದಲ್ಲಿದ್ದವರನ್ನು ಚಾವಡಿಗೆ ಕರೆಸಿ ಪಟೇಲ, ಶಾನುಭೋಗರ ಮುಂದೆ ಕೇಳಿದರೆ ಸಾಕಾಗುತ್ತಿತ್ತು. ಓದುಬರಹ ಬಾರದ ರೈತನಿಗೆ ಇದಕ್ಕಿಂತ ಒಳ್ಳೆಯ ರಕ್ಷಣೆ ಮುಂದೆ ಬಹುಕಾಲ ಸಿಗಲಿಲ್ಲ.

ಕೆರೆ ಕೆಳಗಿನ ಗದ್ದೆಗಳಲ್ಲಿ ಸರ್ಕಾರವೂ ಹೀಗೆಯೇ ಪಾಲು ಪಡೆಯುತ್ತಿತ್ತು. ಅದಕ್ಕೆ ಬಟಾಯಿ ಎಂದು ಹೆಸರು. ಅಧಿಕಾರಿ ಬಂದು ಅಳೆಸುವವರೆಗೆ ಭತ್ತವನ್ನು ಕಣದಿಂದ ಎತ್ತುವಂತಿರಲಿಲ್ಲ. ಅವನು ತಡಮಾಡಿದರೆ ರಾಶಿ ಮಳೆಗೆ ನೆನೆಯುತ್ತಿತ್ತು, ಬೇಗ ಬರಲೆಂದು ಕೈ ಬೆಚ್ಚಗೆ ಮಾಡಬೇಕಾಗುತ್ತಿತ್ತು. ಮಾರ್ಕ್ ಕಬ್ಬನ್ ಮೈಸೂರಿನ ಕಮಿಷನರ್ ಆಗಿದ್ದ 1834ರಿಂದ 1861ರ ಅವಧಿಯಲ್ಲಿ ಬಟಾಯಿಯನ್ನು ಹಂತಹಂತವಾಗಿ ನಗದು ಕಂದಾಯಕ್ಕೆ ತಿರುಗಿಸಲಾಯಿತು. 1863ರಲ್ಲಿ ಶುರುವಾದ ಭೂಮಾಪನ ಪ್ರತಿ ಹೊಲಕ್ಕೂ ಸರ್ವೆ ನಂಬರು ಕೊಟ್ಟು, ಪ್ರತಿ ನಂಬರಿಗೂ ಕಂದಾಯ ನಿಗದಿ ಮಾಡಿತು. ಸರ್ಕಾರಕ್ಕೆ ಹಣವೇ ಬೇಕೆಂದಾದಾಗ ಒಡೆಯರಿಗೂ ಹಣದ ಗುತ್ತಿಗೆ ಅನುಕೂಲವಾಗಿ ಕಂಡಿತು.

ಗುತ್ತಿಗೆಯಲ್ಲಿ ಕಷ್ಟವೆಲ್ಲ ರೈತನ ಪಾಲಿಗೆ. ವರ್ಷವಿಡೀ ಹರಿಯುವ ಹೊಳೆಯಿಲ್ಲದ, ಕೆರೆ ಬಾವಿಗಳನ್ನೇ ನಂಬಿದ ಸೀಮೆಯಲ್ಲಿ ಒಂದು ಮಳೆ ತಪ್ಪಿದರೆ ವಾರದವನು ಅರ್ಧ ಕಳೆದುಕೊಂಡರೆ ಗುತ್ತಿಗೆಯವನು ಪೂರ್ತಿ ಕಳೆದುಕೊಂಡು ಮೇಲೆ ಬಾಕಿದಾರನೂ ಆಗುತ್ತಿದ್ದ. 1876–78ರ ಬರಗಾಲದಲ್ಲಿ, ಸಾದಲಿಯೂ ಸೇರಿದ್ದ ಕೋಲಾರ ಸೀಮೆ ತತ್ತರಿಸಿತು. ಮೈಸೂರು ಸಂಸ್ಥಾನದ ಜನಸಂಖ್ಯೆ 1871ರ ಗಣತಿಯಲ್ಲಿ 50 ಲಕ್ಷ ದಾಟಿದ್ದುದು 1881ರ ಹೊತ್ತಿಗೆ ಸುಮಾರು 42 ಲಕ್ಷಕ್ಕೆ ಇಳಿದಿತ್ತು. ಅಂಥ ವರ್ಷಗಳ ಬಾಕಿಯನ್ನು ಒಡೆಯರು ಬಿಟ್ಟುಕೊಡುವುದೂ ಇತ್ತು. ಆದರೆ ಸಾಮಾನ್ಯವಾಗಿ ಅದು ಪತ್ರಕ್ಕೆ ಇಳಿದು, ಬಡ್ಡಿ ಸೇರಿ, ಸಾಲವಾಗುತ್ತಿತ್ತು. ಸಾಲ ತೀರಿಸಲಾಗದವನು ಎತ್ತು ಕಳೆದುಕೊಳ್ಳುತ್ತಿದ್ದ. ಏನೂ ಇಲ್ಲದವನು ಮಗನನ್ನು ಜೀತಕ್ಕೆ ಬಿಡುತ್ತಿದ್ದ. ತಪ್ಪಿದ ಗುತ್ತಿಗೆಯೊಂದು ಒಂದು ಕುಟುಂಬದ ಎರಡು ತಲೆಮಾರನ್ನು ನುಂಗಿದ ಈ ದಾರಿಗೆ ಕಾನೂನಿನ ತಡೆ ಬಿದ್ದದ್ದು 1976ರ ಜೀತ ಪದ್ಧತಿ ರದ್ದತಿ ಕಾಯ್ದೆಯಿಂದ.

ಹಣ ಕೊಟ್ಟದ್ದಕ್ಕೆ ಸಾಕ್ಷಿಯೆಂದರೆ ರಶೀದಿ. ಅದನ್ನು ಬರೆದುಕೊಡುವವನು ಒಡೆಯನೇ ಆದ್ದರಿಂದ ಅದು ಸಿಗುವುದೇ ಅಪರೂಪವಾಗಿತ್ತು. ಹಳೆಯ ಕೋಲಾರ ಜಿಲ್ಲೆಯ ಜೋಡಿ ಗ್ರಾಮಗಳಲ್ಲಿ ಪರಿಸ್ಥಿತಿ ಇನ್ನೂ ಬಿಗಿ. ಅಲ್ಲಿ ಜೋಡಿದಾರರು ಸರ್ಕಾರಕ್ಕೆ ಕಡಿಮೆ ಕಂದಾಯ ಕಟ್ಟಿ ಊರಿನ ರೈತರಿಂದ ತಾವೇ ವಸೂಲಿ ಮಾಡಿಕೊಳ್ಳುತ್ತಿದ್ದರು. ಲೆಕ್ಕದ ಪುಸ್ತಕ ಅವರ ಮನೆಯಲ್ಲೇ ಇರುತ್ತಿತ್ತು. 1954 ಮತ್ತು 1955ರ ಇನಾಂ ರದ್ದತಿ ಕಾಯ್ದೆಗಳು ಜೋಡಿಯೂ ಸೇರಿದಂತೆ ಇನಾಂ ವ್ಯವಸ್ಥೆಯನ್ನು ಕೊನೆಗೊಳಿಸಿದವು. ಅದಕ್ಕೂ ಮೊದಲೇ 1952ರ ಮೈಸೂರು ಗೇಣಿ ಕಾಯ್ದೆ ಬಂದಿತ್ತು. 1961ರ ಭೂಸುಧಾರಣಾ ಕಾಯ್ದೆ 1965ರ ಅಕ್ಟೋಬರ್ 2ರಂದು ಜಾರಿಗೆ ಬಂದು, ಗೇಣಿಯನ್ನು ಬೆಳೆಯ ನಾಲ್ಕರಲ್ಲೊಂದು ಅಥವಾ ಐದರಲ್ಲೊಂದು ಪಾಲಿಗೆ ಮಿತಿಗೊಳಿಸಿತು. ಅರ್ಧ ಪಾಲು ರೂಢಿಯಲ್ಲಿದ್ದ ಊರುಗಳಲ್ಲಿ ಈ ಮಿತಿಯನ್ನು ಕೇಳಿ ಪಡೆಯುವ ಧೈರ್ಯ ಕೆಲವರಿಗಷ್ಟೇ ಇತ್ತು. ಕೇಳಿದವನಿಗೆ ಮುಂದಿನ ವರ್ಷ ಜಮೀನೇ ಇಲ್ಲದಂತಾಗುವ ಭಯವಿತ್ತು.

ಈ ಲೆಕ್ಕವನ್ನೆಲ್ಲ ತಲೆಕೆಳಗು ಮಾಡಿದ್ದು ಭೂಸುಧಾರಣಾ ಕಾಯ್ದೆಗೆ ದೇವರಾಜ ಅರಸು ಸರ್ಕಾರ ತಂದ ತಿದ್ದುಪಡಿ. 1974ರ ಮಾರ್ಚ್ 1ರಂದು ಗೇಣಿ ಜಮೀನುಗಳೆಲ್ಲ ಸರ್ಕಾರಕ್ಕೆ ಸೇರಿದವು. ಅದಕ್ಕೆ ನಿಕಟಪೂರ್ವದಲ್ಲಿ ಉಳುತ್ತಿದ್ದ ಗೇಣಿದಾರ ನಮೂನೆ 7ರಲ್ಲಿ ಅರ್ಜಿ ಹಾಕಿ ಒಡೆತನ ಕೇಳಬಹುದಾಯಿತು. ಅರ್ಜಿಯ ಗಡುವು ಮುಂದೆ ಹೋಗುತ್ತಾ 1979ರ ಜೂನ್ 30ಕ್ಕೆ ನಿಂತಿತು. ಅಸಿಸ್ಟೆಂಟ್ ಕಮಿಷನರ್ ಅಧ್ಯಕ್ಷತೆಯ ಭೂ ನ್ಯಾಯಮಂಡಳಿಯಲ್ಲಿ ನಾಲ್ವರು ನಾಮನಿರ್ದೇಶಿತ ಸದಸ್ಯರಿದ್ದು, ಅವರಲ್ಲಿ ಪರಿಶಿಷ್ಟರೊಬ್ಬರು ಇರಲೇಬೇಕಿತ್ತು. ಆರಂಭದಲ್ಲಿ ವಕೀಲರಿಗೆ ಅಲ್ಲಿ ಪ್ರವೇಶವಿರಲಿಲ್ಲ.

ಅಲ್ಲಿಯವರೆಗೆ ರೈತನಿಗೆ ಹೊರೆಯಾಗಿದ್ದ ಬಾಕಿ ಈಗ ಅವನ ಆಧಾರವಾಯಿತು. ಇಷ್ಟು ವರ್ಷದ ಗುತ್ತಿಗೆ ಕೊಡಬೇಕೆಂದು ಒಡೆಯ ಹಿಂದೆ ಕಳಿಸಿದ್ದ ನೋಟಿಸು, ಅವನು ಗೇಣಿದಾರನೆಂದು ಒಡೆಯನೇ ಒಪ್ಪಿಕೊಂಡದ್ದಕ್ಕೆ ಪುರಾವೆಯಾಗುತ್ತಿತ್ತು. ಹಳೆಯ ರಶೀದಿಯ ಚೂರಿಗೂ ಬೆಲೆ ಬಂತು. ರಶೀದಿಯಿಲ್ಲದವರು ಪಹಣಿಯ 12ನೇ ಕಾಲಂನಲ್ಲಿ ಸಾಗುವಳಿದಾರನಾಗಿ ತಮ್ಮ ಹೆಸರಿದೆಯೇ ಎಂದು ನೋಡಬೇಕಾಯಿತು. ಶಾನುಭೋಗರು ಅದನ್ನು ಬರೆಯದೇ ಬಿಟ್ಟಿದ್ದರೆ, ಅಕ್ಕಪಕ್ಕದ ಹೊಲದವರ ಹೇಳಿಕೆಯೊಂದೇ ದಾರಿ. ವಾರಕ್ಕೆ ಮಾಡುತ್ತಿದ್ದವರು ಇಲ್ಲಿ ಹೆಚ್ಚು ಸೋತರು. ಅವರ ವ್ಯವಹಾರಕ್ಕೆ ಕಾಗದವೇ ಇರಲಿಲ್ಲ, ಕಣದಲ್ಲಿ ನಿಂತಿದ್ದವರಲ್ಲಿ ಎಲ್ಲರೂ ಒಡೆಯನ ಎದುರು ಬಾಯಿಬಿಡುವ ಸ್ಥಿತಿಯಲ್ಲಿರಲಿಲ್ಲ.

ತಿದ್ದುಪಡಿಯ ನಂತರ ಸೈನಿಕರು, ನಾವಿಕರಂಥ ಕೆಲವರನ್ನು ಬಿಟ್ಟು ಯಾರೂ ಕೃಷಿ ಜಮೀನನ್ನು ಗೇಣಿಗೆ ಕೊಡುವಂತಿಲ್ಲ. ಆದರೂ ವಾರ ನಿಲ್ಲಲಿಲ್ಲ, ಬಾಯಿಮಾತಿಗೆ ಮರಳಿತು. ಈ ತಾಲ್ಲೂಕಿನಲ್ಲಿ ಅದು ಹೆಚ್ಚಾಗಿ ಹಿಪ್ಪುನೇರಳೆ ತೋಟಕ್ಕೆ ಸಂಬಂಧಿಸಿದ್ದು. ವರ್ಷಕ್ಕೆ ಹಲವು ಬೆಳೆ ರೇಷ್ಮೆ ಹುಳು ಸಾಕುವುದರಿಂದ ಲೆಕ್ಕವೂ ಹಲವು ಬಾರಿ ನಡೆಯುತ್ತದೆ. ಗೂಡು ಶಿಡ್ಲಘಟ್ಟದ ಸರ್ಕಾರಿ ಮಾರುಕಟ್ಟೆಯಲ್ಲಿ ಹರಾಜಾದಾಗ ತೂಕ, ದರ ಎರಡೂ ಚೀಟಿಯಲ್ಲಿ ಬರುತ್ತವೆ; ಪಾಲಿನ ಮೊತ್ತದ ಬಗ್ಗೆ ತಕರಾರಿಗೆ ಎಡೆಯಿಲ್ಲ. ಆದರೆ ಹಾಲುತೊಂಡೆಯೋ ಸುಣ್ಣಕಟ್ಟೋ ರೋಗ ಬಿದ್ದು ಹುಳು ಹೋದಾಗ ಮೊಟ್ಟೆ, ಗೊಬ್ಬರದ ಖರ್ಚನ್ನು ಯಾರು ಹೊರಬೇಕೆಂಬುದಕ್ಕೆ ಜಗಳವಾಗುತ್ತದೆ. ಕರಾರೇ ಕಾನೂನಿನ ಹೊರಗಿರುವುದರಿಂದ ಇದನ್ನು ನ್ಯಾಯಾಲಯಕ್ಕೆ ಒಯ್ಯಲು ಇಬ್ಬರೂ ಹಿಂಜರಿಯುತ್ತಾರೆ. ಊರ ಹಿರಿಯರು ಕೂತು, ನಷ್ಟವನ್ನು ಮುಂದಿನ ಒಂದೆರಡು ಬೆಳೆಗಳ ಮೇಲೆ ಹಂಚಿ ಮುಗಿಸುತ್ತಾರೆ.

ಮನೆ, ಅಂಗಡಿ, ರೀಲಿಂಗ್ ಶೆಡ್ಡುಗಳ ಬಾಡಿಗೆಗೆ ಬೇರೆಯೇ ಕಾನೂನು. 1961ರ ಬಾಡಿಗೆ ನಿಯಂತ್ರಣ ಕಾಯ್ದೆಯ 21ನೇ ಕಲಂ ಪ್ರಕಾರ, ಬಾಕಿ ಕೇಳಿ ನೋಟಿಸು ಕೊಟ್ಟ ಎರಡು ತಿಂಗಳೊಳಗೆ ಬಾಡಿಗೆದಾರ ಪೂರ್ತಿ ಕಟ್ಟದಿದ್ದರೆ ಮಾತ್ರ ಆ ಕಾರಣಕ್ಕೆ ಬಿಡಿಸಬಹುದಿತ್ತು. 1999ರ ಕಾಯ್ದೆಯೂ ಎರಡು ತಿಂಗಳ ಈ ಅವಕಾಶವನ್ನು ಉಳಿಸಿಕೊಂಡಿತು. ಬಾಕಿ ವಸೂಲಿಗೆ ದಾವೆ ಹೂಡುವ ಗಡುವು ಮೂರು ವರ್ಷ. ಬಾಡಿಗೆ ಕಾಯ್ದೆಗಳು ಪಟ್ಟಣಗಳನ್ನು ಕಣ್ಣಮುಂದಿಟ್ಟುಕೊಂಡು ರೂಪಿಸಿದಂಥವು. ಸಾದಲಿಯಂಥ ಹಳ್ಳಿಯಲ್ಲಿ ತಪ್ಪಿದ ತಿಂಗಳ ಬಾಡಿಗೆಯನ್ನು ಅಡ್ವಾನ್ಸಿನಲ್ಲಿ ಮುರಿದುಕೊಂಡು, ಉಳಿದದ್ದನ್ನು ಗೂಡು ಮಾರಿದ ದಿನ ತೀರಿಸುವ ಮಾತಾಗುತ್ತದೆ.