‘ಮಂಗಳವಾರಗಳಂದು ಆರ್ಕಿಡ್ ಹೂಗಳು’: ಅರ್ಜೆಂಟೀನಾದ ಒಂದು ವಿನೋದಚಿತ್ರವೂ ಅದರ ಕಾಲವೂ

ಒಪ್ಪಂದಪತ್ರಗಳನ್ನೂ ಸಚಿವಾಲಯಗಳ ಕಡತಗಳನ್ನೂ ನೆಮ್ಮಿ ಇತಿಹಾಸವನ್ನು ಬರೆಯುವವರು ಪ್ರಣಯವಿನೋದದ ಚಲಚ್ಚಿತ್ರವೊಂದನ್ನು ಆಧಾರಸಾಮಗ್ರಿಯೆಂದು ಎಣಿಸುವುದು ವಿರಳ. ನಗಿಸುವುದಕ್ಕೆಂದೇ ಹುಟ್ಟಿದ ಕೃತಿಯಲ್ಲಿ ದೇಶದ ಚರಿತ್ರೆ ಎಲ್ಲಿಂದ ಬರಬೇಕು ಎಂಬ ಶಂಕೆ ಸಹಜವೇ ಆಗಿದೆ. 1941ರ ಜೂನ್ ತಿಂಗಳಲ್ಲಿ ಬ್ಯೂನೋಸ್ ಐರಿಸ್ ನಗರದಲ್ಲಿ ತೆರೆಕಂಡ ‘ಲೋಸ್ ಮಾರ್ತೆಸ್, ಓರ್ಕಿದಿಯಾಸ್’ ಎಂಬ ಚಿತ್ರವನ್ನು ಈ ಶಂಕೆಯ ಎದುರಿಗಿಟ್ಟು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ. ‘ಮಂಗಳವಾರಗಳಂದು ಆರ್ಕಿಡ್ ಹೂಗಳು’ ಎಂಬುದು ಆ ಹೆಸರಿನ ಅರ್ಥ. ಇದರ ನಿರ್ದೇಶಕ ಫ್ರಾನ್ಸಿಸ್ಕೋ ಮುಗಿಕಾ. ಕಥೆಯನ್ನು ರಚಿಸಿದವರು ಸಿಕ್ಸ್ತೋ ಪೊಂದಾಲ್ ರಿಯೋಸ್ ಮತ್ತು ಕಾರ್ಲೋಸ್ ಓಲಿವಾರಿ.

ಕಥಾವಸ್ತು ಸರಳವಾದುದು. ಸಂಪನ್ನ ಕುಟುಂಬವೊಂದರ ಹೆಣ್ಣುಮಕ್ಕಳಲ್ಲಿ ಎಲೆನೀತಾ ಎಂಬ ಕಿರಿಯಳು ಪುಸ್ತಕಗಳಲ್ಲಿಯೂ ಕನಸುಗಳಲ್ಲಿಯೂ ಮುಳುಗಿರುವವಳು. ಮಗಳ ಖಿನ್ನತೆಯನ್ನು ಕಂಡು ಮರುಗಿದ ತಂದೆ ಒಂದು ಉಪಾಯವನ್ನು ಹೂಡುತ್ತಾನೆ: ಹೆಸರಿಲ್ಲದ ಪ್ರಣಯಿಯೊಬ್ಬನು ಕಳುಹಿಸಿದನೋ ಎಂಬಂತೆ ಪ್ರತಿ ಮಂಗಳವಾರವೂ ಅವಳಿಗೆ ಆರ್ಕಿಡ್ ಹೂಗಳು ಬಂದು ತಲುಪುವ ಹಾಗೆ ಏರ್ಪಡಿಸುತ್ತಾನೆ. ಮಗಳು ಅರಳುತ್ತಾಳೆ, ಆದರೆ ಹೂ ಕಳುಹಿಸಿದವನನ್ನು ಕಾಣಬೇಕೆಂಬ ಹಂಬಲವೂ ಅದರೊಡನೆ ಬೆಳೆಯುತ್ತದೆ. ಆಗ ಉದ್ಯೋಗವಿಲ್ಲದ ತರುಣನೊಬ್ಬನನ್ನು ಸಂಬಳ ಗೊತ್ತುಮಾಡಿ ಆ ಪಾತ್ರಕ್ಕೆ ನೇಮಿಸಿಕೊಳ್ಳಬೇಕಾಗುತ್ತದೆ. ಮುಂದಿನದನ್ನು ಓದುಗರು ಊಹಿಸಬಲ್ಲರು. ತಂದೆಯಾಗಿ ಎನ್ರಿಕೆ ಸೆರ್ರಾನೋ, ತರುಣನಾಗಿ ಹುವಾನ್ ಕಾರ್ಲೋಸ್ ಥೋರಿ, ಎಲೆನೀತಾ ಆಗಿ ಮಿರ್ಥಾ ಲೆಗ್ರಾಂದ್ ಅಭಿನಯಿಸಿದರು. 1927ರಲ್ಲಿ ಹುಟ್ಟಿದ ಲೆಗ್ರಾಂದ್‌ಗೆ ಆಗ ಕೇವಲ 14 ವರ್ಷ. ಈ ಚಿತ್ರದ ಯಶಸ್ಸಿನಿಂದ ‘ಮುಗ್ಧೆ’ಯ ಪಾತ್ರವು ಆ ದಶಕದ ಅರ್ಜೆಂಟೀನಾ ಚಿತ್ರಗಳಲ್ಲಿ ಒಂದು ಪರಂಪರೆಯಾಗಿ ನೆಲೆನಿಂತಿತು.

ಈ ಚಿತ್ರವನ್ನು ನಿರ್ಮಿಸಿದ ಲೂಮಿತೋನ್ ಸಂಸ್ಥೆಯ ಪೂರ್ವೋತ್ತರವು ಚಿತ್ರದಷ್ಟೇ ಕುತೂಹಲಕರವಾದುದು. 1920ರ ಆಗಸ್ಟ್ 27ರಂದು ಎನ್ರಿಕೆ ಸುಸೀನಿ ಮತ್ತು ಅವನ ಮೂವರು ಗೆಳೆಯರು ಬ್ಯೂನೋಸ್ ಐರಿಸ್‌ನ ಕೊಲಿಸೇಯೋ ರಂಗಮಂದಿರದ ಮಾಳಿಗೆಯಿಂದ ವಾಗ್ನರನ ‘ಪಾರ್ಸಿಫಾಲ್’ ಸಂಗೀತನಾಟಕವನ್ನು ಬಾನುಲಿಯ ಮೂಲಕ ಪ್ರಸಾರಮಾಡಿದರು. ಜನರು ಅವರಿಗೆ ‘ಮಾಳಿಗೆಯ ಹುಚ್ಚರು’ ಎಂದು ಹೆಸರಿಟ್ಟರು. ಈ ಹುಚ್ಚರೇ 1932ರಲ್ಲಿ ನಗರದ ಉತ್ತರಕ್ಕಿರುವ ಮುನ್ರೋದಲ್ಲಿ ಲೂಮಿತೋನ್ ಚಿತ್ರಶಾಲೆಯನ್ನು ಸ್ಥಾಪಿಸಿದವರು. ಮರುವರ್ಷವೇ ವಾಕ್ಚಿತ್ರಗಳ ಯುಗವು ಅಲ್ಲಿ ಆರಂಭವಾಯಿತು. ಅಲ್ಲಿಂದ ಹತ್ತು ವರ್ಷಗಳೊಳಗೆ, 1942ರ ಹೊತ್ತಿಗೆ, ಅರ್ಜೆಂಟೀನಾ ವರ್ಷಕ್ಕೆ 56 ಚಿತ್ರಗಳನ್ನು ತಯಾರಿಸಿ ಸ್ಪ್ಯಾನಿಷ್ ನುಡಿಯ ದೇಶಗಳ ಮಾರುಕಟ್ಟೆಯಲ್ಲಿ ಅಗ್ರಸ್ಥಾನದಲ್ಲಿತ್ತು.

ಈ ಕಥೆಯಲ್ಲಿ ರಾಜಕೀಯದ ರೂಪಕವನ್ನು ಅರಸುವ ಆಸೆ ಯಾರಿಗಾದರೂ ಆಗಬಹುದು. 1930ರ ಸೈನಿಕ ಕ್ರಾಂತಿಯ ತರುವಾಯ ಅರ್ಜೆಂಟೀನಾದ ಆಳುವ ಪಕ್ಷಗಳು ಚುನಾವಣೆಗಳಲ್ಲಿ ನಡೆಸಿದ ಮೋಸವನ್ನು ‘ದೇಶಭಕ್ತಿಯ ವಂಚನೆ’ ಎಂದು ಸಮರ್ಥಿಸಲಾಗುತ್ತಿತ್ತು. ಜನರ ಒಳಿತಿಗಾಗಿಯೇ ಜನರನ್ನು ವಂಚಿಸುವುದು ಎಂಬುದೇ ಅದರ ತಾತ್ಪರ್ಯ. ಮಗಳ ಒಳಿತಿಗಾಗಿ ಮಗಳನ್ನೇ ವಂಚಿಸುವ ತಂದೆಯ ಚಿತ್ರ ಅದರ ಪಕ್ಕದಲ್ಲಿ ಸೊಗಸಾಗಿ ಹೊಂದುತ್ತದೆ. ಆದರೆ ಹೊಂದಿಕೆ ಬೇರೆ, ಪ್ರಮಾಣ ಬೇರೆ. ಲೇಖಕರ ಮನಸ್ಸಿನಲ್ಲಿ ಅಂಥದೊಂದು ಉದ್ದೇಶವಿತ್ತೆಂದು ಹೇಳಲು ನಮಗೆ ಆಧಾರ ಸಾಲದು. ಅಲ್ಲದೆ ಒಳ್ಳೆಯ ವಿನೋದವನ್ನು ಒಗಟಾಗಿ ಮಾಡಿ ಬಿಡಿಸುವುದು ಇತಿಹಾಸಕಾರನ ಕೆಲಸವೂ ಅಲ್ಲ. ಚಿತ್ರದೊಳಕ್ಕೆ ಕಾಲವು ನಿಜವಾಗಿ ಕಾಲಿಡುವುದು ಒಂದೇ ಬಾಗಿಲಿನಿಂದ: ಕೆಲಸವಿಲ್ಲದೆ ಅಲೆಯುವ, ಪ್ರೇಮವನ್ನು ಕೂಲಿಗೆ ಅಭಿನಯಿಸಲು ಒಪ್ಪುವ ಆ ತರುಣನ ಮೂಲಕ.

ನಮ್ಮ ದೃಷ್ಟಿಯಲ್ಲಿ ಈ ಕೃತಿಯ ಐತಿಹಾಸಿಕ ಮಹತ್ತ್ವವಿರುವುದು ಅದರ ಕಥೆಯ ಅರ್ಥದಲ್ಲಲ್ಲ, ಆ ಕಥೆ ಕೈಗೊಂಡ ಪ್ರಯಾಣದಲ್ಲಿ. ಅಮೆರಿಕ ಸಂಯುಕ್ತ ಸಂಸ್ಥಾನವು 1940ರಲ್ಲಿ ನೆಲ್ಸನ್ ರಾಕ್‌ಫೆಲರನ ನೇತೃತ್ವದಲ್ಲಿ ಒಂದು ಕಚೇರಿಯನ್ನು ತೆರೆದು, ದಕ್ಷಿಣದ ನೆರೆಯವರ ಸ್ನೇಹವನ್ನು ಸಂಪಾದಿಸಲು ಚಲಚ್ಚಿತ್ರವನ್ನೂ ಸಾಧನವಾಗಿ ಬಳಸಿಕೊಂಡಿತು. ಅದೇ ವರ್ಷ ಹಾಲಿವುಡ್‌ನಲ್ಲಿ ತಯಾರಾದ ‘ಡೌನ್ ಅರ್ಜೆಂಟೈನ್ ವೇ’ ಚಿತ್ರದಲ್ಲಿ ಬ್ರೆಜಿಲಿನ ಗಾಯಕಿ ಕಾರ್ಮೆನ್ ಮಿರಾಂಡಾ ಪೋರ್ಚುಗೀಸ್ ಭಾಷೆಯಲ್ಲಿ ಹಾಡಿದುದು ಅರ್ಜೆಂಟೀನಾದವರಿಗೆ ಸ್ನೇಹಕ್ಕಿಂತ ಹೆಚ್ಚಾಗಿ ಅವಜ್ಞೆಯಾಗಿ ಕಂಡಿತು. ಹೀಗಿರಲಾಗಿ ಅರ್ಜೆಂಟೀನಾದ ಕಥೆಯನ್ನೇ ಕೊಂಡುಕೊಳ್ಳುವುದು ವಿವೇಕದ ದಾರಿಯಾಗಿತ್ತು. 1942ರಲ್ಲಿ ಕೊಲಂಬಿಯಾ ಸಂಸ್ಥೆ ಈ ಕಥೆಯಿಂದ ‘ಯೂ ವರ್ ನೆವರ್ ಲವ್ಲಿಯರ್’ ಎಂಬ ಚಿತ್ರವನ್ನು ತಯಾರಿಸಿತು. ಫ್ರೆಡ್ ಆಸ್ಟೇರ್ ಮತ್ತು ರೀಟಾ ಹೇವರ್ತ್ ನಾಯಕ ನಾಯಕಿಯರು. ಸಂಗೀತ ಜೆರೋಮ್ ಕರ್ನ್‌ನದು. ಕಥೆ ನಡೆಯುವ ಸ್ಥಳ ಈಗಲೂ ಬ್ಯೂನೋಸ್ ಐರಿಸ್. ಆದರೆ ತಂದೆ ಭಾರಿ ಹೋಟೆಲಿನ ಒಡೆಯನಾದನು. ಹೆಣ್ಣುಮಕ್ಕಳು ವಯಸ್ಸಿನ ಅನುಕ್ರಮದಲ್ಲಿಯೇ ಮದುವೆಯಾಗತಕ್ಕದ್ದೆಂಬ ಕಟ್ಟಳೆಯೊಂದನ್ನು ಅವನಿಗೆ ಅಂಟಿಸಲಾಯಿತು. ನಿರುದ್ಯೋಗಿ ತರುಣನ ಸ್ಥಾನಕ್ಕೆ ಕುದುರೆಪಂದ್ಯದಲ್ಲಿ ಹಣ ಕಳೆದುಕೊಂಡ ಅಮೆರಿಕದ ನರ್ತಕನು ಬಂದನು. ಹೋಟೆಲಿನ ವಾದ್ಯಮೇಳವನ್ನು ನಡೆಸುವವನು ಕ್ಯೂಬಾದಲ್ಲಿ ಬೆಳೆದ ಸ್ಪೇನಿನ ಹಾವಿಯೇರ್ ಕುಗಾಟ್! ನಾವು ಮೇಲೆ ಗುರುತಿಸಿದ ಆ ಒಂದೇ ಬಾಗಿಲನ್ನೂ ಈ ಬದಲಾವಣೆಗಳು ಮುಚ್ಚಿದವು.

ಕಥೆ ಉತ್ತರಕ್ಕೆ ಹೋದ ಕಾಲದಲ್ಲಿಯೇ ಉತ್ತರದಿಂದ ಬರಬೇಕಾಗಿದ್ದ ಮತ್ತೊಂದು ಸರಕು ನಿಲ್ಲತೊಡಗಿತು. ಅರ್ಜೆಂಟೀನಾದಲ್ಲಿ ಕಚ್ಚಾ ಫಿಲ್ಮು ತಯಾರಾಗುತ್ತಿರಲಿಲ್ಲ. ಯುದ್ಧಕಾಲದಲ್ಲಿ ಅದು ಬರಬೇಕಾದದ್ದು ಅಮೆರಿಕದಿಂದಲೇ. ಅರ್ಜೆಂಟೀನಾ ತಟಸ್ಥನೀತಿಯನ್ನು ಬಿಡಲೊಪ್ಪದ ಕಾರಣ ಆ ಸರಬರಾಜನ್ನು ತೀರ ಮಿತಗೊಳಿಸಲಾಯಿತು. 1942ರ ಮೇ ತಿಂಗಳಲ್ಲಿ ಮಿತ್ರರಾಷ್ಟ್ರಗಳ ಪಕ್ಷವನ್ನು ಸೇರಿದ ಮೆಕ್ಸಿಕೋಗೆ ಫಿಲ್ಮೂ ಯಂತ್ರಗಳೂ ಧಾರಾಳವಾಗಿ ದೊರೆತವು. ಅರ್ಜೆಂಟೀನಾ ಅಕ್ಷರಾಷ್ಟ್ರಗಳೊಡನೆ ರಾಯಭಾರ ಸಂಬಂಧವನ್ನು ಕಡಿದದ್ದು 1944ರ ಜನವರಿಯಲ್ಲಿ, ಯುದ್ಧ ಘೋಷಿಸಿದ್ದು 1945ರ ಮಾರ್ಚಿಯಲ್ಲಿ. ಅಷ್ಟರಲ್ಲಿ ವರ್ಷಕ್ಕೆ 56 ಇದ್ದ ಚಿತ್ರಗಳ ಸಂಖ್ಯೆ 23ಕ್ಕೆ ಇಳಿದಿತ್ತು. ಸ್ಪ್ಯಾನಿಷ್ ಜಗತ್ತಿನ ಮಾರುಕಟ್ಟೆ ಮೆಕ್ಸಿಕೋದ ಕೈಸೇರಿತ್ತು. ಚಿತ್ರೋದ್ಯಮದ ಈ ಇಳಿಮುಖಕ್ಕೆ ಒಳಗಿನ ಕಾರಣಗಳೂ ಇದ್ದವೆಂಬುದನ್ನು ನಾವು ಅಲ್ಲಗಳೆಯುವುದಿಲ್ಲ. ಪರದೇಶದ ಪ್ರೇಕ್ಷಕರನ್ನು ಮೆಚ್ಚಿಸಲು ನಿರ್ಮಾಪಕರು ಊರಿನ ಬೀದಿಗಳನ್ನೂ ಟ್ಯಾಂಗೋವನ್ನೂ ಬಿಟ್ಟು ಸಿರಿವಂತರ ಹಜಾರಗಳಿಗೆ ವಲಸೆಹೋದುದು ಅವುಗಳಲ್ಲೊಂದು. ಮುಗಿಕಾನ ಈ ಚಿತ್ರವೂ ಆ ಹಜಾರದಲ್ಲಿಯೇ ಹುಟ್ಟಿದುದು. ಆದರೆ ರುಚಿಯ ದೋಷದಿಂದ ಒಂದು ಉದ್ಯಮ ಮೂರು ವರ್ಷಗಳಲ್ಲಿ ಅರ್ಧಕ್ಕಿಂತ ಕೆಳಗಿಳಿಯುವುದಿಲ್ಲ. ಫಿಲ್ಮು ಇಲ್ಲದಿದ್ದರೆ ಇಳಿಯುತ್ತದೆ.

ಕೊಲಂಬಿಯಾದ ಚಿತ್ರದಲ್ಲಿ ಮೂಲಕಥೆಯ ಕರ್ತೃಗಳೆಂದು ಓಲಿವಾರಿ ಮತ್ತು ಪೊಂದಾಲ್ ರಿಯೋಸರ ಹೆಸರುಗಳು ಇಂದಿಗೂ ಕಾಣುತ್ತವೆ. ಮಿರ್ಥಾ ಲೆಗ್ರಾಂದ್ 1968ರಿಂದ ದೂರದರ್ಶನದ ಭೋಜನಗೋಷ್ಠಿಗಳ ಆತಿಥೇಯಳಾಗಿ ಎರಡನೆಯ ಕೀರ್ತಿಯನ್ನು ಗಳಿಸಿದಳು. ಲೂಮಿತೋನ್ 1950ರ ದಶಕದಲ್ಲಿ ಬಾಗಿಲು ಮುಚ್ಚಿತು. ಮುನ್ರೋದಲ್ಲಿ ಅದರ ಹಳೆಯ ಕಟ್ಟಡ ಈಗ ಚಲಚ್ಚಿತ್ರ ವಸ್ತುಸಂಗ್ರಹಾಲಯವಾಗಿದೆ.