ತೇಪೆಯ ಕೆಳಗಿನ ರುಜು: ಲಿನಕ್ಸ್ ಕರ್ನಲ್‌ನ ದೋಷ ತಿದ್ದುಪಡಿಗಳ ಚರಿತ್ರೆಯಲ್ಲಿ 2004

ಲಿನಕ್ಸ್ ಕಾರ್ಯಾಚರಣಾ ವ್ಯವಸ್ಥೆಯ ತಿರುಳಾದ ಕರ್ನಲ್‌ನ ಚರಿತ್ರೆಯಲ್ಲಿ 2005ನ್ನು, ಕೋಡಿನ ಬದಲಾವಣೆಗಳ ದಾಖಲೆ ಇಡುವ ಗಿಟ್ ಎಂಬ ತಂತ್ರಾಂಶ ಹುಟ್ಟಿದ ವರ್ಷವನ್ನು, ದೊಡ್ಡ ತಿರುವೆಂದು ಹೇಳುವುದು ರೂಢಿ. ದೋಷ ತಿದ್ದುವ ಕೆಲಸದ ಮಟ್ಟಿಗೆ ಅದರ ಹಿಂದಿನ ವರ್ಷವೇ ಹೆಚ್ಚು ಮುಖ್ಯ ಎಂಬುದು ಈ ಲೇಖನದ ವಾದ.

ದೋಷ ತಿದ್ದಲು ಕೋಡಿಗೆ ಹಾಕುವ ಬದಲಾವಣೆಗೆ ಪ್ಯಾಚ್ ಎನ್ನುತ್ತಾರೆ; ಪ್ಯಾಚ್ ಎಂದರೆ ತೇಪೆ. ತೂತು ಹೊಡೆದ ಕಾಗದದ ಪಟ್ಟಿಗಳ ಕಾಲದಲ್ಲಿ ತಪ್ಪಿದ ತೂತಿನ ಮೇಲೆ ನಿಜಕ್ಕೂ ಕಾಗದದ ಚೂರು ಅಂಟಿಸುತ್ತಿದ್ದರು. ಬೆಲ್ ಲ್ಯಾಬ್ಸ್‌ನಲ್ಲಿ 1970ರ ದಶಕದಲ್ಲಿ ಸಿದ್ಧವಾದ ‘ಡಿಫ್’ ಎರಡು ಕಡತಗಳ ವ್ಯತ್ಯಾಸವನ್ನಷ್ಟೇ ಬರೆದುಕೊಡುತ್ತಿತ್ತು. ಲ್ಯಾರಿ ವಾಲ್ 1985ರಲ್ಲಿ ಹೊರತಂದ ‘ಪ್ಯಾಚ್’ ಆ ವ್ಯತ್ಯಾಸವನ್ನು ಓದಿ ಇನ್ನೊಬ್ಬರ ಪ್ರತಿಯಲ್ಲಿ ಕೂರಿಸಿತು. ಆ ಪ್ರತಿ ಅಲ್ಪಸ್ವಲ್ಪ ಬದಲಾಗಿದ್ದರೂ ಸುತ್ತಲಿನ ಸಾಲುಗಳ ಗುರುತು ಹಿಡಿದು ಜಾಗ ಹುಡುಕಬಲ್ಲದಾಗಿತ್ತು. ಒಬ್ಬರನ್ನೊಬ್ಬರು ಕಾಣದವರು ಒಂದೇ ಕೋಡನ್ನು ತಿದ್ದುವ ಪದ್ಧತಿಗೆ ಇದೇ ತಳಪಾಯ.

1991ರಲ್ಲಿ ಹೆಲ್ಸಿಂಕಿಯ ವಿದ್ಯಾರ್ಥಿ ಲೈನಸ್ ಟೊರ್ವಾಲ್ಡ್ಸ್ ಕರ್ನಲ್ ಹೊರಬಿಟ್ಟರು. ಆಗ ಪ್ಯಾಚುಗಳು ಇಮೇಲ್‌ನಲ್ಲಿ ಅವರ ಬಳಿಗೇ ಹೋಗುತ್ತಿದ್ದವು. ಒಪ್ಪಿಗೆಯಾದದ್ದು ಮುಂದಿನ ಆವೃತ್ತಿಯಲ್ಲಿ ಸೇರುತ್ತಿತ್ತು. ಉಳಿದದ್ದಕ್ಕೆ ಉತ್ತರ ಬರುವ ಖಾತ್ರಿಯಿರಲಿಲ್ಲ, ಕಳಿಸಿದವರು ಮತ್ತೆ ಕಳಿಸಬೇಕಿತ್ತು. 1998ರ ಹೊತ್ತಿಗೆ ಒಬ್ಬರು ಹೊರಲಾಗದ ಹೊರೆಯಾಗಿ ಇದು ಜಗಳಕ್ಕೂ ಕಾರಣವಾಯಿತು. 2002ರಲ್ಲಿ ಬದಲಾವಣೆಗಳ ದಾಖಲೆ ಇಡುವ ಬಿಟ್‌ಕೀಪರ್ ಎಂಬ ತಂತ್ರಾಂಶ ಬಳಕೆಗೆ ಬಂದು ಭಾರ ಹಗುರಾಯಿತಾದರೂ ಹಳೆಯ ಕೋಡಿನಲ್ಲಿ ಯಾವ ಸಾಲು ಯಾರದು ಎಂದು ಹೇಳುವುದು ಕಷ್ಟವಾಗಿಯೇ ಉಳಿಯಿತು.

ಅದನ್ನು ಹೇಳಲೇಬೇಕಾದ ಸಂದರ್ಭ 2003ರ ಮಾರ್ಚ್‌ನಲ್ಲಿ ಬಂತು. ಎಸ್‌ಸಿಒ ಕಂಪನಿ ಐಬಿಎಂ ಮೇಲೆ ಮೊಕದ್ದಮೆ ಹೂಡಿತು. ತಾನು ಹಕ್ಕು ಹೇಳುತ್ತಿದ್ದ ಯುನಿಕ್ಸ್ ಕಾರ್ಯಾಚರಣಾ ವ್ಯವಸ್ಥೆಯ ಸ್ವತ್ತು ಲಿನಕ್ಸ್‌ಗೆ ಸೇರಿಹೋಗಿದೆ ಎಂಬುದು ಅದರ ಆರೋಪ. ಇಂಥ ಆರೋಪಕ್ಕೆ ಉತ್ತರವಾಗಿ 2004ರ ಮೇ ತಿಂಗಳಲ್ಲಿ ಟೊರ್ವಾಲ್ಡ್ಸ್ ಸೂಚಿಸಿದ ಉಪಾಯ ಒಂದೇ ಸಾಲಿನದು: ಪ್ಯಾಚಿನ ವಿವರಣೆಯ ಕೆಳಗೆ ‘ಸೈನ್ಡ್-ಆಫ್-ಬೈ’ ಎಂದು ಬರೆದು ಹೆಸರು, ಇಮೇಲ್ ವಿಳಾಸ ಕೊಡುವುದು. ಇದು ನಾನೇ ಬರೆದದ್ದು, ಇಲ್ಲವೇ ಇದನ್ನು ಕೊಡುವ ಹಕ್ಕು ನನಗಿದೆ ಎಂಬ ಪ್ರಮಾಣಕ್ಕೆ ಅದು ರುಜು. ಗ್ನೂ ಯೋಜನೆಯ ಹಲವು ತಂತ್ರಾಂಶಗಳಿಗೆ ಕೈಹಚ್ಚುವವರು ಹಕ್ಕು ವರ್ಗಾವಣೆಯ ಪತ್ರಕ್ಕೇ ಸಹಿ ಮಾಡಬೇಕಿದ್ದುದನ್ನು ನೆನೆದರೆ ಈ ಸರಳತೆಯ ಬೆಲೆ ತಿಳಿಯುತ್ತದೆ.

ಕಾನೂನಿನ ಭಯದಿಂದ ಹುಟ್ಟಿದ ಸಾಲು ಬೇರೆ ಕೆಲಸವನ್ನೂ ಮಾಡಿತು. ಪ್ಯಾಚನ್ನು ಸ್ವೀಕರಿಸಿ ಮುಂದಕ್ಕೆ ದಾಟಿಸುವ ಮೇಂಟೇನರ್ ಕೂಡ ಕೆಳಗೆ ರುಜು ಹಾಕುತ್ತಾರೆ. ಹೀಗಾಗಿ ತಿದ್ದುಪಡಿ ಯಾರ ಯಾರ ಕೈಹಾದು ಬಂತೆಂಬುದು ಅದರಲ್ಲೇ ದಾಖಲಾಗುತ್ತದೆ. ತಿದ್ದಿದ್ದರಿಂದಲೇ ಹೊಸ ತೊಂದರೆ ಎದ್ದರೆ ಯಾರನ್ನು ಕೇಳಬೇಕೆಂದು ಹುಡುಕಬೇಕಿಲ್ಲ. ಪರಿಶೀಲಿಸಿದವರಿಗೆ ‘ರಿವ್ಯೂಡ್-ಬೈ’, ಪರೀಕ್ಷಿಸಿದವರಿಗೆ ‘ಟೆಸ್ಟೆಡ್-ಬೈ’, ಬಗ್ ತೋರಿಸಿದವರಿಗೆ ‘ರಿಪೋರ್ಟೆಡ್-ಬೈ’ ಎಂಬ ಸಾಲುಗಳೂ ರೂಢಿಗೆ ಬಂದವು. ಒಂದು ಸಾಲು ಕೋಡ್ ಬರೆಯದೆಯೂ, ತನ್ನ ಯಂತ್ರ ಕೆಟ್ಟು ನಿಂತದ್ದನ್ನು ತಾಳ್ಮೆಯಿಂದ ವಿವರಿಸಿದ ಬಳಕೆದಾರರ ಹೆಸರು ಕರ್ನಲ್‌ನಲ್ಲಿ ಉಳಿಯುವುದು ಈ ಕೊನೆಯ ಸಾಲಿನಿಂದ. ನನ್ನ ದೃಷ್ಟಿಯಲ್ಲಿ ಇಡೀ ಪದ್ಧತಿಯಲ್ಲೇ ಅತ್ಯಂತ ನ್ಯಾಯವಾದದ್ದು ಅದು.

2005ರ ಏಪ್ರಿಲ್‌ನಲ್ಲಿ ಬಿಟ್‌ಕೀಪರ್‌ನ ಉಚಿತ ಬಳಕೆ ನಿಂತಾಗ ಟೊರ್ವಾಲ್ಡ್ಸ್ ಕೆಲವೇ ದಿನಗಳಲ್ಲಿ ಗಿಟ್ ಬರೆದರು. 16ರಂದು 2.6.12-ಆರ್‌ಸಿ2 ಆವೃತ್ತಿಯನ್ನು ಅದರಲ್ಲಿಟ್ಟರು; ಹಿಂದಿನ ಚರಿತ್ರೆಯನ್ನು ತರಲಿಲ್ಲ. ಅದಕ್ಕಿಂತ ಹಳೆಯ ಸಾಲನ್ನು ಯಾರು ಬರೆದರೆಂದು ಕೇಳಿದರೆ ಗಿಟ್ ಟೊರ್ವಾಲ್ಡ್ಸ್ ಹೆಸರನ್ನೂ ಆ ದಿನಾಂಕವನ್ನೂ ಕೊಡುತ್ತದೆ, ಬರೆದವರು ಬೇರೆಯವರಾಗಿದ್ದರೂ. ಯಾವ ಬದಲಾವಣೆಯಿಂದ ದೋಷ ಬಂತೆಂದು ತಿಳಿಸಲು ಈಗ ಪ್ಯಾಚಿನಲ್ಲಿ ‘ಫಿಕ್ಸಸ್’ ಎಂಬ ಸಾಲಿರುತ್ತದೆ. ತೀರ ಹಳೆಯ ದೋಷಗಳ ತೇಪೆಗಳಲ್ಲಿ ಅದರ ಮುಂದೆ ಕಾಣುವುದು ‘ಲಿನಕ್ಸ್-2.6.12-ಆರ್‌ಸಿ2’ ಎಂಬ ಹೆಸರೇ.