ಧರ್ಮಾಂಬುಧಿಯಿಂದ ಹೆಸರಘಟ್ಟಕ್ಕೆ

ಬೆಂಗಳೂರಿನ ಉಪ್ಪಾರಪೇಟೆಯಿಂದ ಕೆಂಪೇಗೌಡ ಬಸ್ ನಿಲ್ದಾಣಕ್ಕೆ ಹೋದರೆ ನೀವು ಕಾಲಿಡುವುದು ಒಂದು ಕೆರೆಯ ಅಂಗಳದಲ್ಲಿ. ಅದೇ ಧರ್ಮಾಂಬುಧಿ ಕೆರೆ. ಹಳೆಯ ಪೇಟೆಗೆ ಕುಡಿಯುವ ನೀರು ಒದಗಿಸುತ್ತಿದ್ದ ಕೆರೆಗಳಲ್ಲಿ ಇದೂ ಒಂದು.

ಈ ವ್ಯವಸ್ಥೆಯ ತತ್ತ್ವ ಸರಳ. ಎತ್ತರದ ನೆಲದ ಮೇಲೆ ಬಿದ್ದ ಮಳೆನೀರು ತಗ್ಗಿನ ಕೆರೆಗೆ ಹರಿಯುತ್ತಿತ್ತು. ಅಲ್ಲಿಂದ ಕಾಲುವೆಗಳ ಮೂಲಕ ಪೇಟೆಯ ಕಾರಂಜಿಗಳನ್ನು ಸೇರುತ್ತಿತ್ತು. ಗುರುತ್ವವೇ ಇಲ್ಲಿ ಯಂತ್ರ. ಆದರೆ ಊರು ಬೆಳೆದಂತೆ ನೀರು ಸಾಲದಾಯಿತು, ಮಲಿನವೂ ಆಯಿತು.

ದಿವಾನ್ ಕೆ. ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ, 1890ರ ದಶಕದ ಮಧ್ಯಭಾಗದಲ್ಲಿ, ಇದಕ್ಕೆ ಬದಲಿ ಬಂದಿತು. ಅರ್ಕಾವತಿ ನದಿಯ ಹೆಸರಘಟ್ಟ ಕೆರೆಯ ನೀರನ್ನು ಸೋಲದೇವನಹಳ್ಳಿಯಲ್ಲಿ ಉಗಿಯಂತ್ರಗಳಿಂದ ಮೇಲೆತ್ತಿ, ಕೊಳವೆಗಳಲ್ಲಿ ನಗರಕ್ಕೆ ತರಲಾಯಿತು. ಈಗ ನೀರಿಗೆ ಇಂಧನ ಬೇಕಾಯಿತು.

ನಲ್ಲಿ ಬಂದ ಮೇಲೆ ಹಳೆಯ ಕೆರೆಯ ಹೂಳೆತ್ತುವವರು ಯಾರು? ಧರ್ಮಾಂಬುಧಿ ಬತ್ತಿತು, ಮೈದಾನವಾಯಿತು, ಮುಂದೆ ಬಸ್ ನಿಲ್ದಾಣವಾಯಿತು. ಇತ್ತ 1925ರಲ್ಲಿ ಮಳೆ ಕೈಕೊಟ್ಟು ಹೆಸರಘಟ್ಟವೇ ಬತ್ತಿತು. ಬದಲಿಗೂ ಬದಲಿ ಹುಡುಕಬೇಕಾಯಿತು: 1933ರಲ್ಲಿ ತಿಪ್ಪಗೊಂಡನಹಳ್ಳಿ, 1974ರಲ್ಲಿ ಕಾವೇರಿ. ಕಾವೇರಿ ನೀರು ಸುಮಾರು 100 ಕಿ.ಮೀ. ದೂರದಿಂದ, ಸುಮಾರು 500 ಮೀಟರ್ ಮೇಲೇರಿ ಬರಬೇಕು.

ಕೊಳವೆ ನೀರು ಅಗತ್ಯವಾಗಿತ್ತು, ನಿಜ. ಹೊಸದು ಬಂದಾಗ ಹಳೆಯದನ್ನು ಕಾಪುನಿಧಿಯಾಗಿ ಉಳಿಸಿಕೊಳ್ಳದಿದ್ದುದೇ ಲೋಪ. ಕೆರೆ ಹೋದರೂ ತಗ್ಗು ಹೋಗುವುದಿಲ್ಲ. ಮಳೆನೀರು ಇಂದಿಗೂ ಅದೇ ಇಳಿಜಾರು ಹಿಡಿಯುತ್ತದೆ. ಮುಂದಿನ ಮಳೆಯಲ್ಲಿ ವಿದ್ಯಾರ್ಥಿಗಳೊಡನೆ ನಿಮ್ಮ ಊರಿನ ನೀರಿನ ಹರಿವನ್ನು ನಕ್ಷೆಯಲ್ಲಿ ಗುರುತಿಸಿ. ಮರೆತುಹೋದ ಕೆರೆಯೊಂದು ಸಿಕ್ಕೀತು.